‘ಪ್ರಾಯದವರು’ ಎಂದರೆ ಯಾರು? – ಲಸಿಕೆಯ ಕರಪತ್ರವೊಂದರ ಶೀರ್ಷಿಕೆ

ಮಾನ್ಯರೇ,

ಕುಟುಂಬ ವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆಯುತ್ತಿರುವ ವೈದ್ಯರು ವಯಸ್ಸಾದ ರೋಗಿಗಳೊಡನೆ ಲಸಿಕೆಯ ವಿಚಾರ ಮಾತನಾಡುವಾಗ ಕೈಗೆ ಕೊಡಬಹುದಾದ ಕನ್ನಡ ಕರಪತ್ರವೊಂದನ್ನು ಉಡುಪಿಯಲ್ಲಿ ಸಿದ್ಧಪಡಿಸುತ್ತಿದ್ದೇವೆ. ತೊಡಕು ಶೀರ್ಷಿಕೆಯಲ್ಲೇ ಎದುರಾಗಿದೆ. ಇಲ್ಲಿಯವರು ‘ಪ್ರಾಯದವರಿಗೆ ಲಸಿಕೆ’ ಎಂದು ಬರೆದದ್ದನ್ನು ಮಂಡ್ಯ, ಹಾಸನದ ಕಡೆಯ ತರಬೇತಿ ವೈದ್ಯರು ಹರೆಯದವರ ಲಸಿಕೆ ಎಂದು ಓದಿಕೊಂಡರು. ಹದಿಹರೆಯದ ಹೆಣ್ಣುಮಕ್ಕಳಿಗೆ ಕೊಡುವ ಎಚ್‌ಪಿವಿ ಲಸಿಕೆಯೂ ಇರುವುದರಿಂದ ಆ ಓದನ್ನು ತಳ್ಳಿಹಾಕುವಂತಿಲ್ಲ.

ಘಟ್ಟದ ಮೇಲೆ ‘ಪ್ರಾಯದ ಹುಡುಗ’, ‘ಪ್ರಾಯಕ್ಕೆ ಬಂದವಳು’ ಎನ್ನುವಾಗ ಯೌವನವೇ ಅರ್ಥ. ಕರಾವಳಿಯಲ್ಲಿ ‘ಪ್ರಾಯ ಎಷ್ಟು?’ ಎಂದರೆ ವಯಸ್ಸೆಷ್ಟು ಎಂದು, ‘ಅವರಿಗೆ ಪ್ರಾಯ ಆಯಿತು’ ಎಂದರೆ ಮುಪ್ಪು ಬಂತೆಂದು. ತುಳುವಿನಲ್ಲಿಯೂ ಹೀಗೆಯೇ, ಮಲಯಾಳದ ‘ಪ್ರಾಯಮಾಯವರ್’ ಕೂಡ ವೃದ್ಧರೇ. ‘ವಯಸ್ಸು’ ಎಂಬುದಕ್ಕೂ ಈ ಎರಡು ದಾರಿಗಳಿವೆಯಾದರೂ ಅಲ್ಲಿ ಕ್ರಿಯಾಪದವೇ ಗೊಂದಲ ಬಿಡಿಸುತ್ತದೆ: ವಯಸ್ಸಿಗೆ ಬಂದ ಮಗಳು, ವಯಸ್ಸಾದ ಅಜ್ಜಿ. ‘ಪ್ರಾಯದವರು’ ಎಂಬಲ್ಲಿ ಕ್ರಿಯಾಪದವೇ ಇಲ್ಲದ್ದರಿಂದ ಓದುವವರ ಊರು ಅರ್ಥವನ್ನು ತೀರ್ಮಾನಿಸುತ್ತದೆ.

ಬದಲಿ ಪದಗಳೂ ಸಲೀಸಾಗಿ ಕೂರುತ್ತಿಲ್ಲ. ‘ಹಿರಿಯ ನಾಗರಿಕರು’ ಎಂದರೆ 2007ರ ಕಾಯ್ದೆಯ ಪ್ರಕಾರ 60 ತುಂಬಿದವರು. ಆದರೆ ಎರಡು ಡೋಸ್‌ಗಳಲ್ಲಿ ಕೊಡುವ ಸರ್ಪಸುತ್ತಿನ ಲಸಿಕೆ 50ರಿಂದಲೇ ಸಲ್ಲುತ್ತದೆ. ‘ವಯಸ್ಕರು’ ಎಂದರೆ 18 ದಾಟಿದವರೆಲ್ಲರೂ ಸೇರುತ್ತಾರೆ (ಮುದುಕರೆಂಬ ಅರ್ಥದಲ್ಲಿ ಈ ಪದವನ್ನು ಬಳಸುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ). ಇನ್ನು ‘ವೃದ್ಧರು’ ಎಂದರೆ ಮಲ್ಪೆಯಿಂದ ಈಗಲೂ ಬೋಟಿಗೆ ಹೋಗುವ ಐವತ್ತೆರಡರ ಮೀನುಗಾರ ಆ ಹಾಳೆಯನ್ನು ಕೈಯಲ್ಲಿ ಹಿಡಿಯಲಾರ. ಲಸಿಕೆ ಮಕ್ಕಳಿಗೆ ಮಾತ್ರ ಎಂಬ ಭಾವನೆ ಬಲವಾಗಿರುವಾಗ, ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಾದ ಫ್ಲೂ ಲಸಿಕೆಯಾಗಲಿ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯಾಗಲಿ ತನಗೇ ಸಂಬಂಧಿಸಿದ್ದು ಎಂಬುದು ಶೀರ್ಷಿಕೆಯಿಂದಲೇ ಓದುಗನಿಗೆ ತಿಳಿಯಬೇಕು.

ನನ್ನ ಒಲವು ‘ಪ್ರಾಯ ಆದವರಿಗೆ ಲಸಿಕೆ’ ಎಂಬುದರತ್ತ ಇದೆ. ‘ಆದ’ ಸೇರಿದಾಗ ಘಟ್ಟದ ಮೇಲಿನ ಓದುಗರಿಗೂ ಮುಪ್ಪಿನ ಅರ್ಥ ಹೊಳೆಯುತ್ತದೆಯೇ, ಅಥವಾ ಅವರು ಆಗಲೂ ‘ಪ್ರಾಯಕ್ಕೆ ಬಂದವರು’ ಎಂದೇ ತಿಳಿಯುತ್ತಾರೆಯೇ? ಉತ್ತರ ಕನ್ನಡ ಮತ್ತು ಕಾಸರಗೋಡಿನ ಸದಸ್ಯರು ತಮ್ಮ ಕಡೆಯ ಆಡುಮಾತಿನ ಬಳಕೆಯನ್ನು ತಿಳಿಸಬೇಕಾಗಿ ಕೋರುತ್ತೇನೆ. ಹಳೆಯ ಕನ್ನಡ ಕಾವ್ಯಗಳಲ್ಲಿ ‘ಪ್ರಾಯ’ವು ಮುಪ್ಪನ್ನು ಸೂಚಿಸಿರುವ ಪ್ರಯೋಗವಿದ್ದರೆ ಅದನ್ನೂ ದಯವಿಟ್ಟು ಉದಾಹರಿಸಿ.