ಮುಧೋಳ ಗಂಡುನಾಯಿಯನ್ನು ತಳಿಗೆ ಬಿಡುವ ಮುನ್ನ ಏನೇನು ನೋಡಿಕೊಳ್ಳಬೇಕು?

ಹೊಲಮನೆ_ಲೋಕಾಪುರ:

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಮನೆಯಲ್ಲಿ ಎರಡು ವರ್ಷ ದಾಟಿದ ಮುಧೋಳ ಗಂಡುನಾಯಿಯಿದೆ. ಆಳವಾದ ಎದೆ, ಮೇಲಕ್ಕೆ ಸೇದಿಕೊಂಡ ಹೊಟ್ಟೆ, ಉದ್ದನೆಯ ಮುಖ. ಓಟದಲ್ಲಿ ಸುತ್ತಲಿನ ಊರುಗಳಲ್ಲಿ ಇದಕ್ಕೆ ಸಾಟಿಯಿಲ್ಲವೆಂದು ನೋಡಿದವರು ಹೇಳುತ್ತಾರೆ. ರಾತ್ರಿ ಕಬ್ಬಿನ ಹೊಲಕ್ಕೆ ಹಂದಿ ಬಂದರೆ ಮೊದಲು ತಿಳಿಯುವುದು ಇದಕ್ಕೇ. ಮನೆಯ ಮಕ್ಕಳೊಡನೆ ಬಹಳ ಮೃದುವಾಗಿದೆ, ಹೊರಗಿನವರನ್ನು ಮಾತ್ರ ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ.

ಈಗ ಇಬ್ಬರು ತಮ್ಮ ಹೆಣ್ಣುನಾಯಿಗೆ ಇದನ್ನು ಕೂಡಿಸಬೇಕೆಂದು ಕೇಳಿದ್ದಾರೆ. ಒಬ್ಬರು ಪಕ್ಕದ ಊರಿನವರು. ನಮ್ಮ ನಾಯಿ ಹುಟ್ಟಿದ ಮನೆಯಿಂದಲೇ ಅವರೂ ಮರಿ ತಂದಿದ್ದರು. ಅದು ಬೇರೆ ಸೂಲಿನದು, ಆದರೆ ತಾಯಿ ಒಂದೇ ಎಂದು ಕೇಳಿದ್ದೇನೆ. ಇನ್ನೊಬ್ಬರು ಗಡಿಯಾಚೆ ಜತ್ತ ಕಡೆಯವರು, ತಮ್ಮ ನಾಯಿಗೆ ಕಾಗದಪತ್ರ ಇದೆಯೆನ್ನುತ್ತಾರೆ. ನಮ್ಮ ನಾಯಿಗೆ ಹೋದ ತಿಂಗಳು ಉಣ್ಣಿಯಿಂದ ಜ್ವರ ಬಂದು ನಾಲ್ಕೈದು ದಿನ ಮೇವು ಮುಟ್ಟಿರಲಿಲ್ಲ, ಈಗ ಚೇತರಿಸಿಕೊಂಡಿದೆ. ಗಂಡುನಾಯಿಯನ್ನು ಒಮ್ಮೆಯೂ ಕೂಡಿಸದಿದ್ದರೆ ಅದು ಕೆರಳುತ್ತದೆ, ರೋಗಕ್ಕೆ ತುತ್ತಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಯಾವ ಪರೀಕ್ಷೆ ಮಾಡಿಸಬೇಕು, ಯಾರಿಗೆ ಒಪ್ಪಬೇಕು, ಯಾರಿಗೆ ಬೇಡವೆನ್ನಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪಶುವೈದ್ಯ_ಧಾರವಾಡ:

ಕೂಡಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ನಮ್ಮ ಬಳಿಗೆ ಬರುವುದು ಹೆಣ್ಣುನಾಯಿ ಕಂದು ಹಾಕಿದ ಮೇಲೆ.

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕೂಡಿಸದಿದ್ದರೆ ಗಂಡುನಾಯಿಗೆ ರೋಗ ಬರುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಒಮ್ಮೆ ಕೂಡಿದ ಮೇಲೆ ಬೆದೆಯ ವಾಸನೆ ಹಿಡಿದು ಬೇಲಿ ಹಾರಿ ಹೋಗುವ, ಮನೆಯ ಮೂಲೆಮೂಲೆಗೂ ಮೂತ್ರ ಹೊಯ್ಯುವ, ಇತರ ಗಂಡುನಾಯಿಗಳ ಮೇಲೆ ಬೀಳುವ ಚಾಳಿ ಕೆಲವು ನಾಯಿಗಳಲ್ಲಿ ಹೆಚ್ಚಾಗುತ್ತದೆ. ಆದ್ದರಿಂದ ನಾಯಿಯ ಹಿತಕ್ಕಾಗಿ ಕೂಡಿಸುತ್ತೇನೆ ಎಂಬುದನ್ನು ಕಾರಣವಾಗಿ ಇಟ್ಟುಕೊಳ್ಳಬೇಡಿ.

ವಯಸ್ಸು ಸರಿಯಿದೆ. ವರ್ಷ ತುಂಬುವ ಮೊದಲೇ ಗಂಡುನಾಯಿಗೆ ಮರಿ ಹುಟ್ಟಿಸುವ ಶಕ್ತಿ ಬಂದಿರುತ್ತದೆಯಾದರೂ ಅದರ ಮೂಳೆ, ನಡಿಗೆ, ಗುಣ ಏನೆಂಬುದು ಸ್ಪಷ್ಟವಾಗುವುದು ಎರಡು ವರ್ಷದ ಹೊತ್ತಿಗೆ. ಎರಡೂ ವೃಷಣಗಳು ಚೀಲದೊಳಕ್ಕೆ ಇಳಿದಿವೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಿ. ಸಾಮಾನ್ಯವಾಗಿ ಎರಡು ತಿಂಗಳ ಹೊತ್ತಿಗೆ ಇಳಿಯುತ್ತವೆ. ಆರು ತಿಂಗಳು ಕಳೆದರೂ ಒಂದು ಇಳಿಯದೆ ಉಳಿದಿದ್ದರೆ ಅಂಥ ನಾಯಿಯನ್ನು ತಳಿಗೆ ಬಳಸಲೇಬಾರದು. ಆ ದೋಷ ವಂಶದಲ್ಲಿ ಇಳಿದು ಬರುತ್ತದೆ, ಹೊಟ್ಟೆಯೊಳಗೆ ಉಳಿದ ವೃಷಣದಲ್ಲಿ ಮುಂದೆ ಗಡ್ಡೆ ಬೆಳೆಯುವ ಅಪಾಯವೂ ಹೆಚ್ಚು.

ಇನ್ನು ಎರಡು ರೋಗಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದು ಬ್ರುಸೆಲ್ಲಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಬ್ರುಸೆಲ್ಲೋಸಿಸ್. ಗಂಡಿನಲ್ಲಿ ವೃಷಣದ ಬಾವು, ಹೆಣ್ಣಿನಲ್ಲಿ ಒಂದೂವರೆ ತಿಂಗಳು ದಾಟಿದ ಗರ್ಭ ಇಳಿದುಹೋಗುವುದು ಇದರ ಲಕ್ಷಣ. ಆದರೆ ಹೊರಗೆ ಏನೂ ಕಾಣಿಸದೆಯೂ ನಾಯಿ ಇದನ್ನು ಹರಡಬಲ್ಲದು. ಔಷಧಿಯಿಂದ ಪೂರ್ತಿ ಗುಣವಾಗುತ್ತದೆಂಬ ಭರವಸೆ ಇಲ್ಲ, ಮನುಷ್ಯರಿಗೂ ಅಂಟುತ್ತದೆ. ಆದುದರಿಂದ ಕೂಡಿಸುವುದಕ್ಕೆ ಮುಂಚಿನ ಒಂದು ತಿಂಗಳೊಳಗೆ ಗಂಡು ಹೆಣ್ಣು ಎರಡರ ರಕ್ತವನ್ನೂ ಪರೀಕ್ಷೆಗೆ ಕೊಡಬೇಕು. ಮೊದಲ ಪರೀಕ್ಷೆಯಲ್ಲಿ ರೋಗವಿದೆಯೆಂದು ಬಂದರೆ ಗಾಬರಿಯಾಗಬೇಡಿ. ಅದು ಕೆಲವೊಮ್ಮೆ ತಪ್ಪು ತೋರಿಸುವುದರಿಂದ ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಜನನಾಂಗದ ಗಡ್ಡೆ. ಬೀದಿನಾಯಿಗಳು ಹೆಚ್ಚಿರುವ ನಮ್ಮ ದೇಶದಲ್ಲಿ ಇದು ಬಹಳ ಸಾಮಾನ್ಯ. ಶಿಶ್ನದ ಮುಂದೊಗಲನ್ನು ಪೂರ್ತಿ ಹಿಂದಕ್ಕೆ ಸರಿಸಿ ನೋಡದಿದ್ದರೆ ಬುಡದಲ್ಲಿರುವ ಹೂಕೋಸಿನಂಥ ಕೆಂಪು ಗಡ್ಡೆ ಕಣ್ಣಿಗೆ ಬೀಳುವುದಿಲ್ಲ. ಆಗಾಗ ರಕ್ತದ ಹನಿ ತೊಟ್ಟಿಕ್ಕುವುದನ್ನು ಕಂಡವರು ಮೂತ್ರದ ತೊಂದರೆಯೆಂದು ಭಾವಿಸಿ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನ ನಾಯಿಗಳು ಗುಣವಾಗುತ್ತವೆ, ಆದರೆ ಆ ಔಷಧಿ ವೀರ್ಯವನ್ನೂ ಕೆಡಿಸುವುದರಿಂದ ಚಿಕಿತ್ಸೆ ಮುಗಿದ ಕೂಡಲೇ ಕೂಡಿಸುವಂತಿಲ್ಲ.

ನಿಮ್ಮ ನಾಯಿಯ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಹೋದ ತಿಂಗಳ ಜ್ವರ. ನಾಯಿಯಲ್ಲಿ ವೀರ್ಯಾಣು ಹುಟ್ಟಿ ಬಲಿಯಲು ಸುಮಾರು 62 ದಿನ ಬೇಕು, ಆಮೇಲೆ ಹೊರಬರುವಷ್ಟು ಪಕ್ವವಾಗಲು ಇನ್ನೆರಡು ವಾರ. ತೀವ್ರ ಜ್ವರದಲ್ಲಿ ಕೆಟ್ಟದ್ದರ ಪರಿಣಾಮ ಅಷ್ಟು ದಿನ ಉಳಿಯಬಹುದು. ಎರಡೂವರೆಯಿಂದ ಮೂರು ತಿಂಗಳು ಕಾದು, ಆಮೇಲೆ ವೀರ್ಯಪರೀಕ್ಷೆ ಮಾಡಿಸಿ. ಒಟ್ಟು ವೀರ್ಯಾಣುಗಳು 30 ಕೋಟಿಗೆ ಕಡಿಮೆಯಿಲ್ಲದೆ, ಅವುಗಳಲ್ಲಿ ಶೇ. 70ರಷ್ಟು ಚುರುಕಾಗಿ ಮುಂದಕ್ಕೆ ಚಲಿಸುತ್ತಿದ್ದರೆ ಚಿಂತೆಯಿಲ್ಲ. ಜೊತೆಗೆ ರಕ್ತದಲ್ಲಿ ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ಉಳಿದಿವೆಯೇ ಎಂದೂ ನೋಡಿಸಬೇಕು. ಗ್ರೇಹೌಂಡಿನಂಥ ಓಟದ ನಾಯಿಗಳಲ್ಲಿ ಆರೋಗ್ಯವಿರುವಾಗಲೂ ಕೆಂಪು ರಕ್ತಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ ಇರುವುದುಂಟು. ಮುಧೋಳವೂ ಅದೇ ಮೈಕಟ್ಟಿನದಾದುದರಿಂದ ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿ ಉಣ್ಣಿಜ್ವರವೆಂದು ತೀರ್ಮಾನಿಸದೆ ಪ್ರತ್ಯೇಕ ಪರೀಕ್ಷೆ ಮಾಡಿಸುವಂತೆ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಜಮಖಂಡಿ_ಕಡೆಯವ:

ಡಾಕ್ಟರು ಹೇಳಿದ್ದೆಲ್ಲ ಸರಿ. ಆದರೆ ಪರೀಕ್ಷೆಗಳೆಲ್ಲ ಶುದ್ಧವಾಗಿ ಬಂದ ನಾಯಿಯೂ ತಳಿಗೆ ಯೋಗ್ಯವಲ್ಲದಿರಬಹುದು. ನಾಲ್ಕು ಮಾತು ಆ ಬಗ್ಗೆ ಬರೆಯುತ್ತೇನೆ, ತಮ್ಮಾ.

ಪಕ್ಕದ ಊರಿನವರಿಗೆ ಬೇಡವೆಂದು ಇಂದೇ ಹೇಳಿಬಿಡು. ತಾಯಿ ಒಂದೇ ಆಗಿದ್ದರೆ ಅವು ಅಣ್ಣತಂಗಿ. ತಂದೆಯೂ ಒಂದೇ ಇರಬಹುದು, ಏಕೆಂದರೆ ನಮ್ಮ ಭಾಗದಲ್ಲಿ ಒಂದು ಮನೆಯ ಹೆಣ್ಣಿಗೆ ಹತ್ತಿರದ ಒಂದೇ ಹೆಸರಾದ ಗಂಡನ್ನು ಮತ್ತೆ ಮತ್ತೆ ಕೂಡಿಸುವುದು ರೂಢಿ. ಮುಧೋಳ ತಳಿ ಮೊದಲೇ ಚಿಕ್ಕ ಪ್ರದೇಶದಲ್ಲಿ ಉಳಿದು ಬಂದದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರ ಆಸ್ಥೆಯಿಂದ ಹೆಸರು ಪಡೆದು, ಆಮೇಲೆ ರೈತರ ಹಟ್ಟಿಗಳಲ್ಲಿ ಬದುಕಿದ ಈ ನಾಯಿಗಳಲ್ಲಿ ರಕ್ತ ಹತ್ತಿರವಾಗುತ್ತಾ ಹೋದರೆ ಸೂಲಿಗೆ ಮರಿ ಕಡಿಮೆಯಾಗುತ್ತವೆ, ಹುಟ್ಟಿದವು ಸೊರಗುತ್ತವೆ, ಮುಚ್ಚಿಕೊಂಡಿದ್ದ ದೋಷಗಳು ಮೇಲೆ ಬರುತ್ತವೆ. ಹೆಣ್ಣುನಾಯಿ ವರ್ಷಕ್ಕೆ ಒಂದು ಸೂಲು ಹಾಕಿದರೆ ಅದರ ದೋಷ ಆರೇಳು ಮರಿಗಳಿಗೆ ಹೋಗುತ್ತದೆ. ಹೆಸರಾದ ಗಂಡುನಾಯಿ ಒಂದೇ ವರ್ಷದಲ್ಲಿ ಹತ್ತು ಹೆಣ್ಣಿಗೆ ಕೂಡಿದರೆ ತಾಲ್ಲೂಕಿನ ಮುಂದಿನ ಪೀಳಿಗೆಯಲ್ಲಿ ಅರವತ್ತು ಎಪ್ಪತ್ತು ಮರಿಗಳಿಗೆ ಒಂದೇ ತಂದೆ. ಅದಕ್ಕೇ ಗಂಡಿನ ಆಯ್ಕೆಯಲ್ಲಿ ಹೆಣ್ಣಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕು, ಆಯ್ಕೆಯಾದ ಗಂಡನ್ನೂ ಮಿತಿಯಲ್ಲಿಯೇ ಬಳಸಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಜತ್ತದವರ ನಾಯಿಯ ಕಾಗದ ನೋಡು, ಜೊತೆಗೆ ನಾಯಿಯನ್ನೂ ಕಣ್ಣಾರೆ ನೋಡು. ಆ ಕಡೆ ಕರವಾನಿ ಎಂದು ಕರೆಯುವ ನುಣುಪು ಕೂದಲಿನ ನಾಯಿ ನಮ್ಮದೇ ಬಗೆಯದು. ಕಿವಿ, ಬಾಲ, ಕಾಲುಗಳ ಮೇಲೆ ನವಿರಾದ ಉದ್ದ ಕೂದಲಿದ್ದರೆ ಅದು ಪಶ್ಮಿ ಎಂಬ ಇನ್ನೊಂದು ಬಗೆ. ಇದಕ್ಕಿಂತ ಎಚ್ಚರ ವಹಿಸಬೇಕಾದದ್ದು ಓಟದ ಪಂದ್ಯದ ಆಸೆಗೆ ಗ್ರೇಹೌಂಡ್ ಬೆರೆಸಿದ ನಾಯಿಗಳ ವಿಷಯದಲ್ಲಿ. ಅವು ಸಣ್ಣ ದೂರಕ್ಕೆ ಬಾಣದ ವೇಗದಲ್ಲಿ ಓಡುತ್ತವೆ, ಆದರೆ ನಮ್ಮ ಬಿಸಿಲು, ಕಲ್ಲುಭೂಮಿ, ಜೋಳದ ನುಚ್ಚು ಮಜ್ಜಿಗೆಯ ಮೇವು ಇವನ್ನು ತಾಳಿಕೊಂಡು ದಿನವಿಡೀ ನಿಲ್ಲುವ ಗುಣ ಸಡಿಲವಾಗುತ್ತದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರವು ಮುಧೋಳವನ್ನು ಪ್ರತ್ಯೇಕ ತಳಿಯಾಗಿ ನೋಂದಾಯಿಸಿದೆ. ನಾವೇ ಬೆರಕೆ ಮಾಡುತ್ತಾ ಹೋದರೆ ಆ ನೋಂದಣಿಗೆ ಅರ್ಥವೇನು ಉಳಿಯುತ್ತದೆ? ಸಂದೇಹವಿದ್ದರೆ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ, ಲೋಕಾಪುರದಿಂದ ದೂರವೇನಲ್ಲ, ನಾಯಿಯನ್ನು ಕರೆದುಕೊಂಡು ಹೋಗಿ ತೋರಿಸು.

ಗುಣದ ಮಾತು ಬಂದಾಗ ನಿನ್ನ ಒಂದು ವಾಕ್ಯ ನನ್ನನ್ನು ತಡೆಯಿತು. ಹೊರಗಿನವರನ್ನು ಹತ್ತಿರ ಸೇರಿಸುವುದಿಲ್ಲ ಎಂದು ಬರೆದಿದ್ದೀಯೆ. ಮುಧೋಳಕ್ಕೆ ಬಿಗುಮಾನ ಸಹಜ, ಅದು ದೋಷವಲ್ಲ. ಆದರೆ ಅದು ನಿಂತು ದಿಟ್ಟಿಸುತ್ತದೆಯೋ, ಅಥವಾ ಬಾಲ ಕಾಲಸಂದಿಗೆ ಸೇರಿಸಿ ಹಿಂದೆ ಸರಿಯುತ್ತಾ ಬೊಗಳುತ್ತದೆಯೋ ಎಂಬುದನ್ನು ಗಮನಿಸಬೇಕು. ಅಪರಿಚಿತನೊಬ್ಬ ಅಂಗಳಕ್ಕೆ ಬಂದು ಮಾತಾಡದೆ ಕುಳಿತುಕೊಳ್ಳಲಿ. ಗಟ್ಟಿ ಮನಸ್ಸಿನ ನಾಯಿ ಸ್ವಲ್ಪ ಹೊತ್ತು ದೂರದಲ್ಲಿ ನಿಂತು, ಆಮೇಲೆ ತಾನೇ ಬಂದು ಮೂಸಿ, ತನ್ನ ಪಾಡಿಗೆ ಹೋಗಿ ಮಲಗುತ್ತದೆ. ಅಳ್ಳೆದೆಯ ನಾಯಿ ಅವನು ಏಳುವವರೆಗೂ ನೆಮ್ಮದಿಯಿಂದ ಕೂರುವುದಿಲ್ಲ, ಅವನು ಬೆನ್ನು ತಿರುಗಿಸಿದಾಗ ಹಿಂದಿನಿಂದ ಬಂದು ಕಚ್ಚುವುದೂ ಉಂಟು. ಈ ಹೆದರಿಕೆ ಮರಿಗಳಿಗೆ ಇಳಿಯುತ್ತದೆ, ಎಷ್ಟು ಸಾಕಿ ಸಲಹಿದರೂ ಪೂರ್ತಿ ಹೋಗುವುದಿಲ್ಲ. ಸಾಧ್ಯವಾದರೆ ತಂದೆತಾಯಿ, ಒಡಹುಟ್ಟಿದವು ಈಗ ಹೇಗಿವೆಯೆಂದು ವಿಚಾರಿಸು. ಒಂದೇ ಸೂಲಿನ ಎರಡು ಮೂರು ನಾಯಿಗಳು ಹೇಡಿಗಳಾಗಿದ್ದರೆ ನಿನ್ನದು ಚೆನ್ನಾಗಿದ್ದರೂ ಯೋಚಿಸಬೇಕಾಗುತ್ತದೆ.

ಕೆಲಸದ ಗುಣ ಪರೀಕ್ಷಿಸಲು ಮೊಲದ ಮೇಲೆ ಬಿಟ್ಟು ನೋಡು ಎಂದು ಯಾರಾದರೂ ಹೇಳಿದರೆ ಕೇಳಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆಯೂ ಅಪರಾಧ, ಮೇಲಾಗಿ ನಮ್ಮ ಹತ್ತಿರವೇ ಯಡಹಳ್ಳಿಯ ಚಿಂಕಾರ ಅಭಯಾರಣ್ಯವಿದೆ. ಬೆಳಗಿನ ತಂಪಿನಲ್ಲಿ ಉತ್ತ ಹೊಲದ ಮೇಲೆ ಬಟ್ಟೆಯ ತುಂಡನ್ನು ಹಗ್ಗಕ್ಕೆ ಕಟ್ಟಿ ಎಳೆದು ಓಡಿಸಿ ನೋಡಿದರೆ ದೃಷ್ಟಿ, ತಿರುವಿನಲ್ಲಿ ಕಾಲಿನ ಹಿಡಿತ, ಓಡಿದ ಮೇಲೆ ಉಸಿರು ಎಷ್ಟು ಬೇಗ ತಹಬಂದಿಗೆ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಉಸಿರು ತಡವಾಗಿ ಇಳಿದರೆ ಅಥವಾ ಮುಸ್ಸಂಜೆಯಲ್ಲಿ ಗೂಟ, ಕಲ್ಲುಗಳಿಗೆ ಎಡವಿದರೆ ಹೃದಯವನ್ನೂ ಕಣ್ಣನ್ನೂ ಡಾಕ್ಟರಿಗೆ ತೋರಿಸಿ ಆಮೇಲೆ ಮಾತು.

ಬೆಂಗಳೂರು_ನಾಯಿತಾಯಿ:

ಹಿರಿಯರಿಬ್ಬರೂ ನಾಯಿಯ ಬಗ್ಗೆ ಬರೆದಿದ್ದಾರೆ, ನಾನು ಮರಿಗಳ ಬಗ್ಗೆ ಬರೆಯುತ್ತೇನೆ. ಬೆಂಗಳೂರಿನಲ್ಲಿ ಬೀದಿಪಾಲಾದ ಮುಧೋಳಗಳಿಗೆ ಮನೆ ಹುಡುಕುವ ಕೆಲಸದಲ್ಲಿ ನಾನು ಕೈಜೋಡಿಸುತ್ತೇನೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯ ಭಾಷಣದಲ್ಲಿ ದೇಶಿ ತಳಿಗಳ ಜೊತೆ ಮುಧೋಳದ ಹೆಸರು ಹೇಳಿದ ಮೇಲೆ ಬೇಡಿಕೆ ಏರಿತು, ಅದು ತಳಿಯ ಉಳಿವಿಗೆ ಒಳ್ಳೆಯದೂ ಹೌದು. ಆದರೆ ಹೊಲದಲ್ಲಿ ಓಡಲು ಹುಟ್ಟಿದ ನಾಯಿಯನ್ನು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿ ಹಾಕಿ, ವರ್ಷ ತುಂಬುವಷ್ಟರಲ್ಲಿ ಸೋಫಾ ಹರಿಯುತ್ತದೆ, ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ ಎಂದು ರಿಂಗ್ ರಸ್ತೆಯಲ್ಲಿ ಇಳಿಸಿ ಹೋಗುವವರು ಹಲವರು. ಆ ನಾಯಿಗಳ ಕತ್ತಿನಲ್ಲಿ ಪಟ್ಟಿಯ ಗುರುತು ಮಾತ್ರ ಇರುತ್ತದೆ. ಯಾರ ಮನೆಯದು, ಯಾರು ಹುಟ್ಟಿಸಿದ್ದು ಎಂದು ಕೇಳಲು ದಾರಿಯೇ ಇರುವುದಿಲ್ಲ.

ಅಣ್ಣಾ, ಗಂಡುನಾಯಿಯ ಯಜಮಾನರು ಸಾಮಾನ್ಯವಾಗಿ ಹಣವನ್ನೋ ಒಂದು ಮರಿಯನ್ನೋ ಪಡೆದು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜತ್ತದವರಿಗೆ ಒಪ್ಪುವ ಮೊದಲು ಮರಿಗಳು ಯಾವ ಮನೆಗಳಿಗೆ ಹೋಗುತ್ತವೆ ಎಂದು ಕೇಳಿ, ಯಾರಾದರೂ ಸಾಕಲಾಗದೆ ಹಿಂದಿರುಗಿಸಿದರೆ ಮರಿಯನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಹೆಣ್ಣು ಗಬ್ಬವಾಗದಿದ್ದರೆ ಮುಂದಿನ ಬೆದೆಯಲ್ಲಿ ಮತ್ತೆ ಕೂಡಿಸಬೇಕೇ, ನಿಮಗೆ ಬರುವ ಮರಿಯನ್ನು ಯಾವ ವಯಸ್ಸಿನಲ್ಲಿ ಯಾರು ಆರಿಸುತ್ತಾರೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿ. ಮಾರಾಟಕ್ಕಾಗಿ ತಳಿ ಮಾಡುವವರು 2017ರ ಕೇಂದ್ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿಗೆ ಮೈಕ್ರೋಚಿಪ್ ಹಾಕಿಸಬೇಕು. ಇವನ್ನು ಪಾಲಿಸಲು ಅವರು ಹಿಂಜರಿದರೆ ಅವರ ಹೆಣ್ಣುನಾಯಿ ಎಷ್ಟೇ ಚೆನ್ನಾಗಿದ್ದರೂ ಬೇಡವೆನ್ನುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊಲಮನೆ_ಲೋಕಾಪುರ:

ಮೂವರಿಗೂ ಕೃತಜ್ಞತೆಗಳು. ಪಕ್ಕದ ಊರಿನವರಿಗೆ ಕಾರಣ ತಿಳಿಸಿ ಆಗುವುದಿಲ್ಲವೆಂದು ಹೇಳಿದ್ದೇನೆ, ಅವರೂ ಒಪ್ಪಿಕೊಂಡರು. ಜತ್ತದವರಿಗೆ ರಕ್ತಪರೀಕ್ಷೆ ಮತ್ತು ಕರಾರಿನ ವಿಷಯ ತಿಳಿಸಿದ್ದೇನೆ, ಅವರ ನಾಯಿ ಮುಂದಿನ ಸಲ ಬೆದೆಗೆ ಬರುವುದು ಮೂರು ನಾಲ್ಕು ತಿಂಗಳ ಮೇಲೆ. ಜ್ವರದ ನಂತರ ಕಾಯಬೇಕಾದ ಅವಧಿಯೂ ಅಷ್ಟೇ ಆಗುತ್ತದೆ. ಎಲ್ಲ ಸರಿಬಂದರೆ ಎಷ್ಟನೆಯ ದಿನ, ಯಾರ ಮನೆಯಲ್ಲಿ ಕೂಡಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಪಶುವೈದ್ಯ_ಧಾರವಾಡ:

ಹೆಣ್ಣನ್ನು ಗಂಡಿನ ಮನೆಗೆ ಕರೆತರುವುದು ಒಳ್ಳೆಯದು, ಏಕೆಂದರೆ ಹೊಸ ಗಂಡುನಾಯಿ ಪರಸ್ಥಳದಲ್ಲಿ ಹಿಂಜರಿಯುತ್ತದೆ. ರಕ್ತ ಕಾಣಿಸಿಕೊಂಡ ಮೇಲೆ ಹತ್ತರಿಂದ ಹದಿನಾಲ್ಕನೆಯ ದಿನದ ನಡುವೆ ಹೆಚ್ಚಿನ ಹೆಣ್ಣುನಾಯಿಗಳು ಒಪ್ಪುತ್ತವೆಯಾದರೂ ಕೆಲವು ಬಹಳ ಮೊದಲೇ, ಕೆಲವು ತಡವಾಗಿ ಒಪ್ಪುವುದುಂಟು. ಜತ್ತದಿಂದ ಬರುವವರು ಅಂದಾಜಿನ ಮೇಲೆ ಓಡಾಡುವ ಬದಲು ಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿಕೊಂಡು ಹೊರಟರೆ ದಿನ ತಪ್ಪುವುದಿಲ್ಲ. ಒಂದು ದಿನ ಬಿಟ್ಟು ಒಂದು ದಿನ, ಎರಡು ಸಲ ಕೂಡಿಸಿದರೆ ಸಾಕು. ಬೇಸಿಗೆಯಾಗಿದ್ದರೆ ಬೆಳಗಿನ ಜಾವ ಮಾತ್ರ. ಎರಡೂ ಹಿಂಬದಿಯಲ್ಲಿ ಸಿಕ್ಕಿಕೊಂಡು ಹತ್ತಿಪ್ಪತ್ತು ನಿಮಿಷ ನಿಲ್ಲುವುದು ಸಹಜ. ನೀರು ಎರಚಿ ಅಥವಾ ಹಗ್ಗ ಜಗ್ಗಿ ಬಿಡಿಸಲು ಹೋದರೆ ಗಂಡಿನ ಅಂಗಕ್ಕೆ ಗಾಯವಾಗುತ್ತದೆ. ಇಬ್ಬರು ಇಬ್ಬದಿಯಲ್ಲಿ ಕುಳಿತು ಹೆಣ್ಣುನಾಯಿ ಕೂರದಂತೆ, ಎಳೆಯದಂತೆ ಹಿಡಿದುಕೊಂಡರೆ ಸಾಕು.

ಜಮಖಂಡಿ_ಕಡೆಯವ:

ಇನ್ನೊಂದು ಮಾತು, ತಮ್ಮಾ. ಜತ್ತದವರ ಹೆಣ್ಣುನಾಯಿಗೂ ಇದೇ ಮೊದಲ ಸಲವೇ ಎಂದು ಕೇಳು. ನಿನ್ನದು ಹೊಸ ಗಂಡು. ಅನುಭವವಿಲ್ಲದ ಹೆಣ್ಣು ತಿರುಗಿ ಕಚ್ಚಿದರೆ ಹೊಸ ಗಂಡು ಮುಂದೆ ಹತ್ತಿರ ಹೋಗಲು ಅಳುಕುತ್ತದೆ. ಒಂದು ಸೂಲು ಕಂಡ ಹೆಣ್ಣಾದರೆ ನಿಶ್ಚಿಂತೆ. ಅದೂ ಹೊಸದಾಗಿದ್ದರೆ ಒಂದು ದಿನ ಮುಂಚಿತವಾಗಿ ಕರೆತರಲು ಹೇಳು, ಬೇಲಿಯ ಆಚೀಚೆ ಕಟ್ಟಿ ಒಂದನ್ನೊಂದು ಮೂಸಲು ಬಿಡು, ಮರುದಿನ ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಕೂಡಿಸು. ಡಾಕ್ಟರು ಹೇಳಿದ ರಕ್ತಪರೀಕ್ಷೆಯ ಕಾಗದ ಕೈಗೆ ಬರುವವರೆಗೆ ಮಾತ್ರ ಬೇಲಿಯ ಹತ್ತಿರವೂ ಬಿಡಬೇಡ.