ಸಹಾಯ ಬೇಕು: ಮಲೆನಾಡಿನ ಪಾನೀಯಗಳ ರುಚಿ ನೋಡುವ ಕೂಟ

ಎಲ್ಲರಿಗೂ ನಮಸ್ಕಾರ. ಸಾಗರದ ನಮ್ಮ ಮನೆ ಅಂಗಳದಲ್ಲಿ ಒಂದು ಸಂಜೆ ಇಂಥ ಕೂಟ ಮಾಡಬೇಕೆಂದಿದ್ದೇನೆ. ಸೊಗದೆ ಬೇರಿನ ಶರಬತ್ತು, ಮುರುಗಲ (ಕೋಕಂ) ಹಣ್ಣಿನ ಪಾನಕ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಹುಳಿ ಸಾರು), ಕೊತ್ತಂಬರಿ ಜೀರಿಗೆ ಕಷಾಯ, ಕೊನೆಗೆ ಅರೇಬಿಕಾ, ರೋಬಸ್ಟಾ ಕಾಫಿ ಪಕ್ಕಪಕ್ಕ.

ತೊಡಕಿರುವುದು ಯಾವುದು ಮೊದಲು ಅನ್ನೋದರಲ್ಲಿ. ಅಪ್ಪೆಹುಳಿಗೆ ಇಂಗು, ಒಣಮೆಣಸಿನ ಒಗ್ಗರಣೆ ಬೀಳುತ್ತದೆ. ಅದನ್ನು ಕುಡಿದ ಮೇಲೆ ಸೊಗದೆಯ ತೆಳು ಘಮ ನಾಲಿಗೆಗೆ ಸಿಗುವುದೇ ಇಲ್ಲ. ಹಾಗಾಗಿ ಸೊಗದೆಯೇ ಮೊದಲು ಅಂದುಕೊಂಡಿದ್ದೇನೆ, ಸರಿ ಅಲ್ವಾ? ನಡುವೆ ಬಾಯಿ ಮುಕ್ಕಳಿಸಲು ಬಿಸಿನೀರು ಸಾಕಾ, ಮಂಡಕ್ಕಿಯನ್ನೂ ಇಡಬೇಕಾ? ಕಾಫಿಯನ್ನು ಹಾಲಿಲ್ಲದೆ ಕೊಡುವ ಆಸೆ. ಹಾಲು ಬೆರೆತರೆ ಎರಡು ಬೀಜಗಳ ವ್ಯತ್ಯಾಸ ಮಸುಕಾಗುತ್ತದೆ.

ಇಂಥದ್ದು ನಡೆಸಿದವರು ದಯವಿಟ್ಟು ತಿಳಿಸಿ. ಹೊಸನಗರ, ತೀರ್ಥಹಳ್ಳಿ ಕಡೆ ಒಳ್ಳೆ ಮುರುಗಲ ಸಿಪ್ಪೆ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ.