ಗುಂಡು, ತೋಟೆ, ಈಡು: ಮ್ಯಾಗ್ನಮ್ ರೈಫಲ್ ಬಗ್ಗೆ ಬರೆಯುವಾಗ ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಜಿಂಕೆ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮ್ಯಾಗ್ನಮ್ ರೈಫಲ್‌ಗೆ ಎಂಥ ಗುಂಡು ಆರಿಸಬೇಕು, ತೋಟೆಯನ್ನು ತಾವೇ ತುಂಬಿಕೊಳ್ಳುವವರು ಏನು ಗಮನಿಸಬೇಕು ಅನ್ನುವುದು ವಿಷಯ. ವಿಷಯಕ್ಕಿಂತ ಪದಗಳೇ ಜಾಸ್ತಿ ತೊಡಕು ಕೊಡುತ್ತಿವೆ. ಇಲ್ಲಿ ಪದ ತಪ್ಪಿದರೆ ಓದುಗರು ತಪ್ಪು ಸಾಮಾನು ಕೊಳ್ಳುತ್ತಾರೆ. ಪ್ರಾಣಿ ಗಾಯಗೊಂಡು ನರಳುತ್ತದೆ, ಇಲ್ಲವೇ ಕೋವಿ ಹಿಡಿದವರಿಗೇ ಪೆಟ್ಟಾಗುತ್ತದೆ. ಹಾಗಾಗಿ ನಾನು ಆರಿಸಿಕೊಂಡ ಪದಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ‘ಗುಂಡು’. ‘ಐದು ಜೀವಂತ ಗುಂಡುಗಳ ವಶ’ ಎಂದು ಪತ್ರಿಕೆ ಬರೆದರೆ ಅಲ್ಲಿ ಗುಂಡು ಎಂದರೆ ಇಡೀ ತೋಟೆ. ‘ಗುಂಡು ಎದೆಗೆ ಹೊಕ್ಕಿತು’ ಎಂದರೆ ನಳಿಗೆಯಿಂದ ಹಾರಿದ ಲೋಹದ ತುಂಡು. ದಿನಬಳಕೆಗೆ ಇಷ್ಟು ಸಡಿಲ ನಡೆಯುತ್ತದೆ. ತೋಟೆ ತುಂಬುವವರಿಗೆ ನಡೆಯುವುದಿಲ್ಲ. ಅವರ ಮೇಜಿನ ಮೇಲೆ ಹಿತ್ತಾಳೆ ಕೇಸ್, ಕೇಪು, ಮದ್ದು, ಗುಂಡು ಎಂಬ ನಾಲ್ಕು ಬೇರೆ ಬೇರೆ ವಸ್ತು ಇರುತ್ತವೆ. ನಾಲ್ಕೂ ಸೇರಿದಾಗ ತೋಟೆ. ಈ ಭೇದವನ್ನು ನಾನು ಎಲ್ಲೂ ಬಿಟ್ಟುಕೊಟ್ಟಿಲ್ಲ. ‘ಕಾಡತೂಸು’ ಕೂಡ ಸರಿಯಾದ ಪದವೇ. ಆದರೆ ಕೋವಿ ಬಲ್ಲವರ ಮಾತಿನಲ್ಲಿ ತೋಟೆ, ತೋಟೆಕೋವಿ ಸಲೀಸಾಗಿ ಬರುತ್ತವೆ.

‘ಕೇಪು’ ಹಳೆಯ ಕೇಪಿನ ಕೋವಿಯ ಪದ. ಅದರಲ್ಲಿ ಕೇಪನ್ನು ಹೊರಗಡೆ ಸಿಕ್ಕಿಸುತ್ತಿದ್ದರು. ತೋಟೆಯಲ್ಲಿ ಅದು ಕೇಸಿನ ತಳದ ಗುಳಿಯಲ್ಲಿ ಕೂರುತ್ತದೆ. ಎರಡರ ಕೆಲಸವೂ ಮದ್ದಿಗೆ ಬೆಂಕಿ ಮುಟ್ಟಿಸುವುದೇ. ಅದಕ್ಕೇ ಹಳೆ ಪದವನ್ನೇ ಮುಂದುವರಿಸಿದ್ದೇನೆ. ಬೇಡ ಅನ್ನುವವರಿದ್ದರೆ ‘ಪ್ರೈಮರ್’ ಅಂತಲೇ ಇಡಬಹುದು.

ಇನ್ನು ‘ಮ್ಯಾಗ್ನಮ್’. ಇದನ್ನು ‘ದೊಡ್ಡ ಗುಂಡಿನ ರೈಫಲ್’ ಎಂದು ಬಿಡಿಸಿ ಹೇಳುವುದು ತಪ್ಪು. 1906ರ ಮಾಮೂಲಿ .30-06 ತೋಟೆಯನ್ನೂ 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ ತೋಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಗುಂಡಿನ ಅಡ್ಡಳತೆ 0.308 ಇಂಚು. ಗುಂಡಿನ ತೂಕವೂ ಒಂದೇ ಇರಬಹುದು. ಮ್ಯಾಗ್ನಮ್‌ನ ಕೇಸ್ ದೊಡ್ಡದು, ಅದರಲ್ಲಿ ಮದ್ದು ಜಾಸ್ತಿ, ಆದ್ದರಿಂದ ವೇಗ ಜಾಸ್ತಿ. 180 ಗ್ರೇನ್ (ಇದು ತೂಕದ ಮಾನ, ವಿವರ ಮುಂದಿದೆ) ಗುಂಡು ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಟರೆ, ಎರಡನೆಯದರಲ್ಲಿ ಸುಮಾರು 900. ಲ್ಯಾಟಿನ್ನಿನಲ್ಲಿ ಮ್ಯಾಗ್ನಮ್ ಎಂದರೆ ದೊಡ್ಡದು. ಎರಡು ಬಾಟಲಿಯಷ್ಟು ಹಿಡಿಯುವ ವೈನ್ ಸೀಸೆಗೂ ಅದೇ ಹೆಸರು. ಹೆಸರಿನ ಹಿಂದೆ ಇರುವುದು ಹೆಚ್ಚು ಹಿಡಿಯುವ ಪಾತ್ರೆಯ ಭಾವ. ಅದನ್ನು ಅನುವಾದಿಸದೆ ‘ಮ್ಯಾಗ್ನಮ್’ ಎಂದೇ ಬಿಟ್ಟಿದ್ದೇನೆ. ‘ಮ್ಯಾಗ್ನಮ್ ಕೇಪು’ ಅನ್ನುವುದು ಬೇರೆಯೇ ವಸ್ತು. ನಿಧಾನವಾಗಿ ಉರಿಯುವ ಮದ್ದು ಹೆಚ್ಚು ಇರುವ ತೋಟೆಗೆ ಬಿಸಿ ಹೆಚ್ಚಿನ ಕಿಡಿ ಕೊಡಲು ಅದು ಇದೆ. ಮಾಮೂಲಿ ಕೇಪಿನ ಜಾಗದಲ್ಲಿ ಅದನ್ನು ಸುಮ್ನೆ ಹಾಕುವಂತಿಲ್ಲ. ಕೇಪು ಬದಲಾದರೆ ಮದ್ದಿನ ಅಳತೆಯನ್ನು ತಗ್ಗಿಸಿ ಮೊದಲಿಂದ ನೋಡಿಕೊಂಡು ಬರಬೇಕು.

ನನಗೆ ತುಂಬ ಚಿಂತೆ ಹುಟ್ಟಿಸಿದ ಪದ ‘ಗ್ರೇನ್’. ಗುಂಡಿನ ತೂಕಕ್ಕೂ ಮದ್ದಿನ ತೂಕಕ್ಕೂ ಇದೇ ಮಾನ. 7000 ಗ್ರೇನ್ ಸೇರಿದರೆ ಒಂದು ಪೌಂಡು, ಅಂದರೆ ಒಂದು ಗ್ರೇನ್ ಸುಮಾರು 0.065 ಗ್ರಾಂ. ಇದಕ್ಕೆ ‘ಗುಂಜಿ’ ಅನ್ನಬಾರದೇ ಎಂದು ಒಬ್ಬ ಸ್ನೇಹಿತರು ಸೂಚಿಸಿದರು. ಕೇಳಲು ಸೊಗಸಾಗಿದೆ. ಆದರೆ ದಯವಿಟ್ಟು ಯಾರೂ ಹಾಗೆ ಬರೆಯಬೇಡಿ. 180 ಗ್ರೇನ್ ಎಂದರೆ ಸರಿಯಾಗಿ ಒಂದು ತೊಲ. ತೊಲಕ್ಕೆ 96 ಗುಂಜಿ ಎಂಬ ಲೆಕ್ಕ ಹಿಡಿದರೆ ಒಂದು ಗುಂಜಿ 1.875 ಗ್ರೇನ್ ಆಗುತ್ತದೆ, ಹೆಚ್ಚುಕಡಿಮೆ ಎರಡರಷ್ಟು. ಗ್ರೇನ್ ಇರುವ ಕಡೆಯೆಲ್ಲ ಗುಂಜಿ ಎಂದು ಬರೆದು, ಓದಿದವರು ಅದನ್ನೇ ನಂಬಿ ಮದ್ದು ತೂಗಿದರೆ ರೈಫಲ್ ಅವರ ಕೈಯಲ್ಲೇ ಸಿಡಿಯಬಹುದು. ‘ಕಾಳು’ ಕೂಡ ಆಗದು. ಮದ್ದೇ ಕಾಳುಕಾಳಾಗಿ ಇರುವುದರಿಂದ ಎಣಿಸುವ ಲೆಕ್ಕ ಅಂದುಕೊಳ್ಳುವ ಸಾಧ್ಯತೆ ಇದೆ. ಗ್ರೇನ್ ಗ್ರೇನ್ ಆಗಿಯೇ ಇರಲಿ. ಅದನ್ನು ‘ಗ್ರಾಂ’ ಎಂದು ತಪ್ಪಾಗಿ ಓದದ ಹಾಗೆ ಪ್ರತಿ ಸಲವೂ ಪೂರ್ತಿ ಬರೆಯುತ್ತಿದ್ದೇನೆ.

‘ಮದ್ದು’ ಪದಕ್ಕೂ ಒಂದು ಎಚ್ಚರಿಕೆ ಬೇಕು. ಅದರಲ್ಲಿ ಹಳೆಯ ಕರಿಮದ್ದೂ ಸೇರಿಹೋಗುತ್ತದೆ. ಹಾಗಾಗಿ ನಮಗೆ ಬೇಕಾದ ಮದ್ದನ್ನು ಮೊದಲ ಬಳಕೆಯಲ್ಲೇ ‘ಹೊಗೆಯಿಲ್ಲದ ಮದ್ದು’ ಎಂದು ಹೇಳಿ, ಆಮೇಲೆ ಬರಿ ಮದ್ದು ಅನ್ನುತ್ತೇನೆ.

ಈಗ ಗುಂಡಿನ ಬಗೆಗಳು. ಜಿಂಕೆಗೆ ಹೊಡೆಯುವ ಗುಂಡು ಮೈ ಹೊಕ್ಕಾಗ ಅಗಲವಾಗಬೇಕು, ಆದರೂ ಒಡೆದು ಚೂರಾಗದೆ ಎದೆಗೂಡಿನ ಒಳಗಿನವರೆಗೆ ಹೋಗಬೇಕು. ಆಗ ಪ್ರಾಣಿ ಬೇಗ ಸಾಯುತ್ತದೆ. ಇದಕ್ಕೆ ‘ಅರಳುವ ಗುಂಡು’ ಎಂದಿದ್ದೇನೆ. ಮುಂತುದಿ ಅಣಬೆಯ ಹಾಗೆ ಬಿಚ್ಚಿಕೊಳ್ಳುವುದರಿಂದ ‘ಹಿಗ್ಗುವ’ ಅನ್ನುವುದಕ್ಕಿಂತ ‘ಅರಳುವ’ ಚೆನ್ನಾಗಿ ಹೊಂದುತ್ತದೆ, ಅಲ್ವಾ? ‘ಡಮ್‌ಡಮ್ ಗುಂಡು’ ಎಂಬ ಹಳೆ ಹೆಸರು ನನಗೆ ಒಪ್ಪಿಗೆಯಿಲ್ಲ. ಅದು ಕೋಲ್ಕತ್ತದ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಿಂದ ಬಂದದ್ದು. ಯುದ್ಧದಲ್ಲಿ ಅಂಥ ಗುಂಡು ಕೂಡದು ಎಂದು 1899ರ ಹೇಗ್ ಘೋಷಣೆ ಹೇಳಿತು. ಬೇಟೆಯಲ್ಲಿ ಮಾತು ಪೂರ್ತಿ ತಿರುಗುಮುರುಗು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ಲಿಗೆ ಮೆದುಮೂತಿ ಅಥವಾ ಟೊಳ್ಳುಮೂತಿ ಗುಂಡನ್ನೇ ಕೇಳುತ್ತದೆ. ‘ಮೆದುಮೂತಿ’ (ಮೂತಿಯಲ್ಲಿ ಮೆದು ಸೀಸ ಹೊರಗೆ ಕಾಣುವುದು), ‘ಟೊಳ್ಳುಮೂತಿ’ (ಮೂತಿಯಲ್ಲಿ ತೂತಿರುವುದು) ಎರಡೂ ನಾನು ಕಟ್ಟಿದ ಪದಗಳು. ಇವುಗಳಿಗಿಂತ ಒಳ್ಳೆಯವು ಹೊಳೆದರೆ ತಿಳಿಸಿ.

ಮ್ಯಾಗ್ನಮ್ ವೇಗದ ತಾಪತ್ರಯ ಶುರುವಾಗುವುದು ಇಲ್ಲೇ. ತೆಳು ಹೊದಿಕೆಯ ಸೀಸದ ಗುಂಡು ದೂರದ ಹೊಡೆತಕ್ಕೆ ಸರಿಯಾಗಿ ಅರಳುತ್ತದೆ. ಹತ್ತಿರದಿಂದ ಪೂರ್ತಿ ವೇಗದಲ್ಲಿ ಭುಜದ ಮೂಳೆಗೆ ತಾಗಿದರೆ ಒಳಗೆ ಹೋಗುವ ಮೊದಲೇ ಒಡೆದುಬಿಡಬಹುದು. 1946ರಲ್ಲಿ ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆಯಲ್ಲಿ ಇದೇ ತೊಂದರೆ ಅನುಭವಿಸಿದರು. ಅವರ ಕೈಯಲ್ಲಿದ್ದದ್ದು .300 ಹಾಲೆಂಡ್ ಅಂಡ್ ಹಾಲೆಂಡ್ (ಎಚ್ ಅಂಡ್ ಎಚ್) ಮ್ಯಾಗ್ನಮ್. ಆಮೇಲೆ ಅವರು ಸೀಸವನ್ನು ಮುಂದೊಂದು ಹಿಂದೊಂದು ಪಾಲು ಮಾಡಿ, ನಡುವೆ ತಾಮ್ರದ ಹೊದಿಕೆಯದೇ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಪಾಲು ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿಯುತ್ತದೆ. ಇದಕ್ಕೆ ‘ನಡುಗೋಡೆ ಗುಂಡು’ ಎಂದಿದ್ದೇನೆ. ಸೀಸವನ್ನು ಹೊದಿಕೆಗೆ ಅಂಟಿಸಿ ಮಾಡಿದ್ದು ‘ಬೆಸೆದ ಗುಂಡು’.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ‘ತಾಮ್ರದ ಗುಂಡು’. ಸೈನಿಕರ ಗುಂಡಿನಲ್ಲಿ ಸೀಸದ ಮೂತಿಯನ್ನೂ ಬಿಡದೆ ತಾಮ್ರದ ಹೊದಿಕೆ ಇರುತ್ತದೆ. ಅದು ಅರಳಲೆಂದು ಮಾಡಿದ್ದಲ್ಲ, ಜಿಂಕೆಗೆ ಹೊಡೆದರೆ ಚಿಕ್ಕ ತೂತು ಮಾಡಿ ಆಚೆ ಹೋಗಬಹುದು. ಇನ್ನೊಂದು ಬಗೆಯಲ್ಲಿ ಸೀಸವೇ ಇಲ್ಲ. ಇಡೀ ಗುಂಡು ತಾಮ್ರದ್ದು, ಮೂತಿಯ ತೂತಿನಿಂದ ದಳದಳವಾಗಿ ಅರಳುತ್ತದೆ. ನೋಟಕ್ಕೆ ಎರಡೂ ತಾಮ್ರ, ಗುಣದಲ್ಲಿ ಒಂದಕ್ಕೊಂದು ವಿರುದ್ಧ. ಮೊದಲನೆಯದನ್ನು ‘ಪೂರಾ ಹೊದಿಕೆಯ ಗುಂಡು’, ಎರಡನೆಯದನ್ನು ‘ಇಡಿ ತಾಮ್ರದ ಗುಂಡು’ ಎಂದು ಬೇರೆ ಮಾಡಿದ್ದೇನೆ. ಬರಿ ‘ತಾಮ್ರದ ಗುಂಡು’ ಎಂದು ಎಲ್ಲೂ ಬರೆದಿಲ್ಲ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ತೂಕದ ಇಡಿ ತಾಮ್ರದ ಗುಂಡು ಉದ್ದವಾಗಿರುತ್ತದೆ ಮತ್ತು ಕೇಸಿನೊಳಗೆ ಜಾಗ ತಿನ್ನುತ್ತದೆ. ಒತ್ತಡ ಬದಲಾಗುತ್ತದೆ. ಸೀಸದ 180 ಗ್ರೇನ್ ಗುಂಡಿಗೆ ಕೊಟ್ಟ ಮದ್ದಿನ ಅಳತೆ ಇದಕ್ಕೆ ಸಲ್ಲುವುದಿಲ್ಲ. ಆ ಗುಂಡಿಗೇ ಕೊಟ್ಟಿರುವ ಮದ್ದಿನ ಅಳತೆಯ ಪಟ್ಟಿ ನೋಡಿ, ಪಟ್ಟಿಯ ಕೆಳಗಿನ ಅಳತೆಯಿಂದಲೇ ಶುರುಮಾಡಬೇಕು.

ಕೊನೆಗೆ ನನ್ನ ನಿಜವಾದ ಪ್ರಶ್ನೆ. ಇಂತಿಂಥ ಕೇಸ್, ಇಂಥ ಕೇಪು, ಇಷ್ಟು ಮದ್ದು, ಈ ಗುಂಡು ಎಂದು ಹೊಂದಿಸಿದ ಜೋಡಣೆಗೆ ಬೇಟೆಗಾರರು ‘ಲೋಡ್’ ಅನ್ನುತ್ತಾರೆ. ಕನ್ನಡದಲ್ಲಿ ‘ಲೋಡ್ ಮಾಡು’ ಎಂದರೆ ಕೋವಿಗೆ ತೋಟೆ ಹಾಕುವುದೇ ನೆನಪಾಗುತ್ತದೆ. ನನಗೆ ಹೊಳೆದದ್ದು ‘ಈಡು’. ಹಳೆ ಕೋವಿಗೆ ಮದ್ದು, ಗುಂಡು ಹಾಕಿ ‘ಈಡು ತುಂಬಿದ’ ಅನ್ನುವಾಗ ಅದು ಒಂದು ಹೊಡೆತಕ್ಕೆ ಬೇಕಾದ ಅಳತೆಯೇ ಅಲ್ವಾ? ಆದರೆ ‘ಈಡು ಹೊಡೆದ’ ಅಂದರೆ ಹೊಡೆತ. ‘ಬಾರು’ ಪದಕ್ಕೂ ಹೀಗೇ ಎರಡು ಮುಖ ಇದೆ. ‘ಈ ರೈಫಲ್ಲಿಗೆ ಈ ಈಡು ಹೊಂದುತ್ತದೆ’ ಎಂದು ಬರೆದರೆ ನಿಮಗೆ ಜೋಡಣೆ ಎಂದು ತಿಳಿಯುತ್ತದೆಯೇ, ಹೊಡೆತ ಎಂದು ತಿಳಿಯುತ್ತದೆಯೇ? ಹಿರಿಯರ ಬಾಯಲ್ಲಿ ಈಡು, ಬಾರು ಎರಡನ್ನೂ ಕೇಳಿದವರು ಇಡೀ ವಾಕ್ಯವನ್ನು ಕೇಳಿದ ಹಾಗೆಯೇ ಬರೆದು ಕಳಿಸಿ.